ಗುರುತು ಹೇಳಿದ ಮರದ ಗಂಟು

1976ರಲ್ಲಿ ಕೆನಡಾದ ಟೊರಾಂಟೊ ನಗರದ ಹೋಟೆಲೊಂದರಿಂದ ಕಿತ್ತಳೆ ಬಣ್ಣದ ಎಲೆಕ್ಟ್ರಿಕ್ ಗಿಟಾರ್ ಕಳುವಾಯಿತು. ಅದು 'ದಿ ಗೆಸ್ ಹೂ' ಮತ್ತು 'ಬ್ಯಾಕ್‌ಮನ್-ಟರ್ನರ್ ಓವರ್‌ಡ್ರೈವ್' ರಾಕ್ ತಂಡಗಳಿಂದ ಹೆಸರಾದ ರ‍್ಯಾಂಡಿ ಬ್ಯಾಕ್‌ಮನ್ ಅವರದು. ಹುಡುಗನಾಗಿದ್ದಾಗ ಮನೆಮನೆಯ ಹುಲ್ಲು ಕತ್ತರಿಸಿ, ಕಾರು ತೊಳೆದು ಕೂಡಿಟ್ಟ 400 ಡಾಲರ್ ಕೊಟ್ಟು ಅದನ್ನು ಕೊಂಡಿದ್ದರು. ಕಳೆದುಕೊಂಡ ಮೇಲೆ ಅದರ ಜಾಗ ತುಂಬಲೆಂದು ಸುಮಾರು 300 ಗಿಟಾರ್ ಕೊಂಡರೂ ಮನಸ್ಸು ಒಪ್ಪಲಿಲ್ಲ. ಹಳೆಯ ಗಿಟಾರಿನ ಕುರುಹಾಗಿ ಉಳಿದದ್ದು ತಂಡದ ಹಳೆಯ ಚಿತ್ರಗಳು.

ಚಿತ್ರ ನೋಡಿ ಗಿಟಾರಿನ ಮಾದರಿ ಹೇಳುವುದು ಬಲ್ಲವರಿಗೆ ಕಷ್ಟವಲ್ಲ. ಬ್ಯಾಕ್‌ಮನ್ ಅವರದು ಗ್ರೆಚ್ ಕಂಪನಿಯ 6120. ಈ ಮಾದರಿಗೆ 1958ರ ಹೊತ್ತಿಗೆ ಜೋಡಿ ಸುರುಳಿಯ ಹೊಸ ಪಿಕಪ್‌ಗಳು ಬಂದವು. ತಂತಿಯ ಕಂಪನವನ್ನು ವಿದ್ಯುತ್ ಸಂಕೇತವಾಗಿಸುವ ಭಾಗವೇ ಪಿಕಪ್. 1960ರ ದಶಕದ ಮೊದಲ ವರ್ಷಗಳಲ್ಲಿ, ಮುಖದ ಮೇಲೆ ಕೊರೆದ ರಂಧ್ರಗಳ ಬದಲು ರಂಧ್ರದಂತೆ ಕಾಣುವ ಬಣ್ಣದ ಚಿತ್ರ ಬಂತು. ಇಂಥ ಗುರುತುಗಳಿಂದ ವರ್ಷವನ್ನೂ ಅಂದಾಜು ಮಾಡಬಹುದು.

ಆದರೆ ಒಂದೇ ಅಚ್ಚಿನ ಹಲವು ಗಿಟಾರ್‌ಗಳಲ್ಲಿ ಇದೇ ಅದು ಎಂದು ಹೇಳುವುದು ಹೇಗೆ? ಪಿಕಪ್, ಗುಂಡಿ, ಬಿರಡೆಗಳನ್ನು ಯಾರೂ ಬದಲಿಸಬಹುದು. ಕ್ರಮಸಂಖ್ಯೆಯೋ ಗಿಟಾರಿನ ಹೊಟ್ಟೆಯೊಳಗೆ ಅಂಟಿಸಿದ ಚೀಟಿಯಲ್ಲಿತ್ತು. ಫೋಟೊದಲ್ಲಿ ಅದು ಎಲ್ಲಿ ಕಂಡೀತು? ಅದೃಷ್ಟಕ್ಕೆ ಆ ಕಿತ್ತಳೆ ಬಣ್ಣ ಪಾರದರ್ಶಕ. ಅದರಡಿಯ ಮರದ ಗೆರೆಗಳು ಕಾಣುತ್ತವೆ. ಅವು ನಮ್ಮ ಬೆರಳಚ್ಚಿನಂತೆ.

2020ರಲ್ಲಿ ಕೆನಡಾದ ಅಭಿಮಾನಿಯೊಬ್ಬರು ಹಿಡಿದದ್ದು ಈ ದಾರಿಯನ್ನೇ. ಬ್ಯಾಕ್‌ಮನ್ ಗಿಟಾರಿನ ಮರದಲ್ಲಿ ಗಂಟಿನಂಥ ಸಣ್ಣ ಕಪ್ಪು ಚುಕ್ಕೆಯೊಂದಿತ್ತು. ಮುಖ ಗುರುತಿಸುವ ತಂತ್ರಾಂಶವನ್ನು ಮಾರ್ಪಡಿಸಿಕೊಂಡು, ಅಂತರಜಾಲದಲ್ಲಿ ಸಿಕ್ಕ ಕಿತ್ತಳೆ ಗ್ರೆಚ್‌ಗಳ ಚಿತ್ರಗಳನ್ನು ಅವರು ಹಳೆಯ ಚಿತ್ರಕ್ಕೆ ಹೋಲಿಸುತ್ತ ಹೋದರು. 44 ವರ್ಷ ಸಿಗದ ಗಿಟಾರ್ ಎರಡು ವಾರದೊಳಗೆ ಟೋಕಿಯೊದಲ್ಲಿ ಪತ್ತೆಯಾಯಿತು.

ಜಾನ್ ಲೆನನ್ 1963ರಲ್ಲಿ ಕಳೆದುಕೊಂಡ ಗಿಬ್ಸನ್ ಗಿಟಾರನ್ನು ಖಚಿತಪಡಿಸಿಕೊಳ್ಳಲೂ ಬೀಟಲ್ಸ್‌ ತಂಡದ ಹಳೆಯ ಚಿತ್ರಗಳಲ್ಲಿನ ಮರದ ಗೆರೆಗಳು ನೆರವಾಗಿದ್ದವು. ಅದು 2015ರಲ್ಲಿ 24 ಲಕ್ಷ ಡಾಲರಿಗೂ ಮೇಲೆ ಹರಾಜಾಯಿತು.

ಬ್ಯಾಕ್‌ಮನ್ ಗಿಟಾರಿನ ಕಥೆಯಲ್ಲಿ ಹರಾಜಿಲ್ಲ, ಕೋರ್ಟೂ ಇಲ್ಲ. ಅದು ಆಗ ತಾಕೆಶಿ ಎಂಬ ಜಪಾನಿ ಸಂಗೀತಗಾರರ ಬಳಿಯಿತ್ತು. ಕದ್ದ ಮಾಲೆಂದು ತಿಳಿಯದೆ 2014ರಲ್ಲಿ ಅಂಗಡಿಯಲ್ಲಿ ಕೊಂಡಿದ್ದ ಅವರಿಗೂ ಅದರ ಮೇಲೆ ಅಷ್ಟೇ ಮೋಹ. ಹಿಂದಿರುಗಿಸಲು ಒಪ್ಪಿದರು, ಆದರೆ ಬದಲಿಗೆ ಅಂಥದ್ದೇ ಬೇಕು ಎಂದರು. ಕದ್ದವನು ಎಲ್ಲೋ, ನಷ್ಟ ಮಾತ್ರ ಇಬ್ಬರು ಸಜ್ಜನರ ನಡುವೆ! ಬ್ಯಾಕ್‌ಮನ್ ಮತ್ತೆ ಹುಡುಕಾಟಕ್ಕಿಳಿದರು. 1957ರಲ್ಲಿ ತಮ್ಮ ಗಿಟಾರ್ ತಯಾರಾದ ವಾರದಲ್ಲೇ ತಯಾರಾದ, ರಿಪೇರಿ ಕಾಣದ ಮತ್ತೊಂದು 6120 ಕೊನೆಗೂ ಸಿಕ್ಕಿತು.

ಸಾಂಕ್ರಾಮಿಕದ ಪ್ರಯಾಣ ನಿರ್ಬಂಧಗಳಿಂದ ಭೇಟಿ ತಡವಾಯಿತು. 2022ರ ಜುಲೈ 1ರಂದು ಟೋಕಿಯೊದ ಕೆನಡಾ ರಾಯಭಾರ ಕಚೇರಿಯಲ್ಲಿ ಇಬ್ಬರೂ ಗಿಟಾರ್‌ಗಳನ್ನು ಅದಲುಬದಲು ಮಾಡಿಕೊಂಡು, ಒಂದೇ ವೇದಿಕೆಯಲ್ಲಿ ನುಡಿಸಿದರು. ಬ್ಯಾಕ್‌ಮನ್ ಅವರಿಗೆ ಆಗ 78 ವರ್ಷ.