ಬ್ಯಾರನ್ ಕಾಲದ ಹದಿಹರೆಯ: ನಾಲ್ಕು ತಾಲ್ಲೂಕುಗಳ ಕುರಿತ ಟಿಪ್ಪಣಿ

ಹದಿಹರೆಯದವರ ಮನೋಸಾಮಾಜಿಕ ಹೊಂದಾಣಿಕೆಯನ್ನು ಅಳೆಯುವಾಗ ಹೆತ್ತವರನ್ನು ಒಂದು ತಟ್ಟೆಯಲ್ಲಿ, ಗೆಳೆಯರನ್ನು ಇನ್ನೊಂದರಲ್ಲಿ ಇಟ್ಟು ತೂಗುವುದು ರೂಢಿ. ಮೈಸೂರು ಜಿಲ್ಲೆಯ ಹುಣಸೂರು, ಪಿರಿಯಾಪಟ್ಟಣ, ಕೆ.ಆರ್. ನಗರ, ಎಚ್.ಡಿ. ಕೋಟೆಗಳಲ್ಲಿ ಈ ತೂಕ ಸರಿಬಾರದು. ಇಲ್ಲಿ ಅಪ್ಪ ಅಮ್ಮ ಮಕ್ಕಳಿಗೆ ಎಷ್ಟು ಸಿಗುತ್ತಾರೆಂಬುದನ್ನು ಬಹುಪಾಲು ಬೆಳೆಯೇ ನಿರ್ಧರಿಸುತ್ತದೆ.

ಹೊಗೆಸೊಪ್ಪನ್ನೇ ನೋಡಿ. ಮುಂಗಾರಿನಲ್ಲಿ ನಾಟಿ. ಎಲೆ ಬಲಿತ ಮೇಲೆ ಕಿತ್ತು, ಕಡ್ಡಿಗೆ ಕಟ್ಟಿ, ಸೊಪ್ಪನ್ನು ಕಾವಿನಲ್ಲಿ ಹದಗೊಳಿಸುವ ಮನೆಯಾದ ಬ್ಯಾರನ್‌ಗೆ ಏರಿಸಬೇಕು. ಒಂದು ಸಲ ತುಂಬಿದ ಬ್ಯಾರನ್ ಹದಕ್ಕೆ ಬರಲು ಹೆಚ್ಚುಕಡಿಮೆ ಒಂದು ವಾರ. ಅಷ್ಟೂ ರಾತ್ರಿ ಬೆಂಕಿಯ ಕಾವು ತಪ್ಪದಂತೆ ಯಾರಾದರೂ ಎದ್ದಿರಬೇಕು. ಹಸಿ ಎಲೆಯ ನಿಕೋಟಿನ್ ಚರ್ಮದ ಮೂಲಕ ಇಳಿದು ತಲೆಸುತ್ತು, ವಾಂತಿ ತರುತ್ತದೆ. ಮಕ್ಕಳು ಆ ಕೆಲಸಕ್ಕೆ ಕೂರಬಾರದು ಎಂಬುದರಲ್ಲಿ ನನಗೆ ಎರಡು ಮಾತಿಲ್ಲ. ಆದರೆ ಸೊಪ್ಪು ಕಟ್ಟುವ ಸಾಲಿನಲ್ಲಿ ತಾಯಿ, ಚಿಕ್ಕಮ್ಮ, ಓರಗೆಯ ಮಕ್ಕಳು ಒಟ್ಟಿಗೆ ಕೂತು ಮಾತಾಡುವ ಹೊತ್ತೂ ಅದೇ. ಅಲ್ಲಿ ಗೆಳೆಯನೆಂದರೆ ಅನೇಕ ಸಲ ಚಿಕ್ಕಪ್ಪನ ಮಗ. ಮನೆಯವರು ಯಾರು, ಗೆಳೆಯರು ಯಾರು ಎಂದು ಗೆರೆ ಎಳೆಯುವುದು ಹೇಗೆ?

ಸ್ವೀಡನ್ನಿನ ಹದಿನಾಲ್ಕರ ಹರೆಯದವರ ನಡುವೆ ಅಧ್ಯಯನ ಮಾಡಿದ ಹಾಕನ್ ಸ್ಟಾಟಿನ್ ಮತ್ತು ಮಾರ್ಗರೆಟ್ ಕೆರ್ 2000ರಲ್ಲಿ ತೋರಿಸಿದ ಸಂಗತಿ ಇಲ್ಲಿ ನೆರವಿಗೆ ಬರುತ್ತದೆ. ಹೆತ್ತವರಿಗೆ ಮಕ್ಕಳ ಬಗ್ಗೆ ತಿಳಿದಿರುವುದರಲ್ಲಿ ಹೆಚ್ಚಿನದು ಕಾವಲಿನಿಂದ ಬಂದದ್ದಲ್ಲ, ಮಕ್ಕಳೇ ಮನಬಿಚ್ಚಿ ಹೇಳಿದ್ದು. ಹಾಗಾದರೆ ಮಗು ಬಾಯಿಬಿಡುವ ಹೊತ್ತು ಯಾವುದು ಎಂದು ನಾವು ಹುಡುಕಬೇಕು.

ಎಚ್.ಡಿ. ಕೋಟೆಯ ಆದಿವಾಸಿ ಹಾಡಿಗಳಲ್ಲಿ ಆ ಹೊತ್ತು ಇನ್ನೂ ಕಿರಿದು. ಜೇನುಕುರುಬ, ಬೆಟ್ಟಕುರುಬ ಮನೆಗಳ ಅನೇಕರು ಕಾಫಿ ಹಣ್ಣಿನ ಕಾಲಕ್ಕೆ ಕೊಡಗಿನ ತೋಟಗಳಿಗೆ ಹೋಗುತ್ತಾರೆ. ಮಕ್ಕಳು ಆಶ್ರಮ ಶಾಲೆಯಲ್ಲಿ ಉಳಿದರೆ, ಜ್ವರ ಬಂದ ರಾತ್ರಿ ಪಕ್ಕದಲ್ಲಿರುವುದು ಜೊತೆಯ ಹುಡುಗನೇ. ಅವನನ್ನು ಹೊಂದಾಣಿಕೆ ಅಳೆಯುವ ಪ್ರಶ್ನಾವಳಿ 'ಸಮವಯಸ್ಕ' ಎಂದಷ್ಟೇ ಬರೆದುಕೊಳ್ಳುತ್ತದೆ. ಕಾಲುವೆ ನೀರಿನ ಕೆ.ಆರ್. ನಗರದ ಬತ್ತದ ಊರುಗಳ ಲೆಕ್ಕ ಬೇರೆ; ಅವನ್ನು ಹೊಗೆಸೊಪ್ಪಿನ ಊರುಗಳೊಂದಿಗೆ, ಹಾಡಿಗಳೊಂದಿಗೆ ಬೆರೆಸಿ ಸರಾಸರಿ ತೆಗೆಯಬಾರದು.

'ನಿನ್ನ ಗೆಳೆಯರು ನಿನ್ನ ತಂದೆತಾಯಿಗೆ ಗೊತ್ತೇ?' ಎಂಬುದು ಇಂಥ ಪ್ರಶ್ನಾವಳಿಗಳ ಮಾಮೂಲಿ ಪ್ರಶ್ನೆ. ಒಂದೇ ಕೇರಿಯ ಊರಿನಲ್ಲಿ ಹೂಂ ಎನ್ನದ ಮಗು ಯಾವುದು? 'ಮೇಷ್ಟ್ರು ಬೈದರೆ ಮೊದಲು ಯಾರಿಗೆ ಹೇಳ್ತೀಯ? ಎಲ್ಲಿ, ಯಾವಾಗ?' ಎಂದು ಕೇಳಿದರೆ ಏನಾದರೂ ತಿಳಿದೀತು. ಇನ್ನೊಂದು ತೊಡಕು ಹಾಜರಿಯದು. ಬ್ಯಾರನ್ ಉರಿಯುವ ದಿನಗಳಲ್ಲಿ ಒಂಬತ್ತನೇ ತರಗತಿಗೆ ಹೋಗಿ ಹಾಳೆ ಹಂಚಿದರೆ, ಮುಖ್ಯವಾಗಿ ಮಾತಾಡಿಸಬೇಕಾದ ಮಗು ಆ ಬೆಂಚಿನಲ್ಲಿ ಇಲ್ಲದಿರಬಹುದು. ಅದೇ ಮಕ್ಕಳನ್ನು ಜುಲೈನಲ್ಲಿ ಒಮ್ಮೆ, ಅಕ್ಟೋಬರಿನಲ್ಲಿ ಒಮ್ಮೆ, ಕಾಫಿ ಕೊಯ್ಲಿನ ಜನವರಿಯಲ್ಲಿ ಇನ್ನೊಮ್ಮೆ, ತರಗತಿಯಲ್ಲಿ ಸಿಗದವರನ್ನು ಮನೆಗೇ ಹೋಗಿ, ಕೇಳಬೇಕು.