ಸೀಸೆಯನ್ನು ನೋಡುವುದು, ರೋಗಿಯನ್ನು ನೋಡುವುದು

ಕಳೆದ ವಾರ ನನ್ನ ಹಳೆಯ ವಿದ್ಯಾರ್ಥಿಯೊಬ್ಬ ದೂರವಾಣಿ ಮಾಡಿದ್ದ. ಕುಶಲ ಪ್ರಶ್ನೆ ಮುಗಿಯುವ ಮೊದಲೇ, "ಸಾರ್, ಮೂತ್ರ ಪರೀಕ್ಷೆಯ ವರದಿಯಲ್ಲಿ ಪ್ರೋಟೀನ್ ಎಂಬುದರ ಮುಂದೆ ಒಂದು ಪ್ಲಸ್ ಗುರುತು ಬಂದಿದೆ. ನನ್ನ ಕಿಡ್ನಿ ಹೋಯಿತು ಅಂತಲೇ?" ಎಂದು ಕೇಳಿದ. ವೈದ್ಯರು ಏನೆಂದರು ಎಂದರೆ, ಅವರನ್ನು ಇನ್ನೂ ಕಂಡೇ ಇಲ್ಲವಂತೆ. ವರದಿಯನ್ನು ಕೈಯಲ್ಲಿ ಹಿಡಿದು ಎರಡು ರಾತ್ರಿ ನಿದ್ದೆಗೆಟ್ಟಿದ್ದಾನೆ.

ನಾನು ವೈದ್ಯನಲ್ಲ, ವಿಜ್ಞಾನ ಕಲಿಸಿದ ಮೇಷ್ಟ್ರು. ಆದರೆ ಅವನ ಪ್ರಶ್ನೆಗೆ ಇತಿಹಾಸದಲ್ಲಿ ಒಂದು ಉತ್ತರವಿದೆಯೆಂದು ತೋರಿದ್ದರಿಂದ ಈ ಬರಹ.

ಮೂತ್ರವನ್ನು ನೋಡಿ ರೋಗವನ್ನು ಅರಿಯುವ ಪ್ರಯತ್ನ ಬಹಳ ಹಳೆಯದು. ನಮ್ಮ ಚರಕ, ಸುಶ್ರುತ ಸಂಹಿತೆಗಳು ಇಪ್ಪತ್ತು ಬಗೆಯ ಪ್ರಮೇಹಗಳನ್ನು ಹೇಳಿವೆ. ಮೂತ್ರಕ್ಕೆ ಇರುವೆ ಮುತ್ತುವುದನ್ನು ಗಮನಿಸಿದವರು ನಮ್ಮ ಪ್ರಾಚೀನ ವೈದ್ಯರು. ಮೂತ್ರದ ಮೇಲೆ ನಿಲ್ಲುವ ಗುಳ್ಳೆಗಳು ಮೂತ್ರಪಿಂಡದ ದೀರ್ಘ ಕಾಯಿಲೆಯ ಸೂಚನೆ ಎಂಬ ಮಾತು ಗ್ರೀಸಿನ ಹಿಪಾಕ್ರಟೀಸನ ಹೆಸರಿನಲ್ಲಿ ಬಂದ ಸೂತ್ರಗಳಲ್ಲಿದೆ. ಪ್ರೋಟೀನು ಸೋರುವ ಮೂತ್ರ ನೊರೆ ಕಟ್ಟುತ್ತದೆಂದು ಇಂದಿನ ವೈದ್ಯರೂ ಹೇಳುತ್ತಾರೆ.

ಮಧ್ಯಯುಗದ ಯೂರೋಪಿನಲ್ಲಿ ಈ ವಿದ್ಯೆ ದಾರಿ ತಪ್ಪಿತು. ದುಂಡನೆಯ ಗಾಜಿನ ಸೀಸೆಯೇ ಅಲ್ಲಿ ವೈದ್ಯನ ಲಾಂಛನವಾಯಿತು. ಬಣ್ಣಗಳ ಚಕ್ರವನ್ನು ಬರೆದಿಟ್ಟುಕೊಂಡು, ಸೀಸೆಯನ್ನು ಬೆಳಕಿಗೆ ಹಿಡಿದು ರೋಗ ನಿರ್ಣಯಿಸುವ ಪದ್ಧತಿ ಬೆಳೆಯಿತು. ಕ್ರಮೇಣ ರೋಗಿ ಬರುವ ಅಗತ್ಯವೇ ಇಲ್ಲದಂತಾಗಿ, ಸೀಸೆಯನ್ನು ಕಳಿಸಿದರೆ ಸಾಕು, ರೋಗವನ್ನೂ ಆಯುಸ್ಸನ್ನೂ ಹೇಳಿಬಿಡುವವರು ಹುಟ್ಟಿಕೊಂಡರು. 1637ರಲ್ಲಿ ಇಂಗ್ಲೆಂಡಿನ ಥಾಮಸ್ ಬ್ರಯನ್ ಇಂಥವರನ್ನು 'ಮೂತ್ರ ಪ್ರವಾದಿಗಳು' ಎಂದು ಹಂಗಿಸಿ ಒಂದು ಪುಸ್ತಕವನ್ನೇ ಬರೆದ.

ಇದಕ್ಕೆ ಮದ್ದು ದೊರೆತದ್ದು ರಸಾಯನಶಾಸ್ತ್ರದಿಂದ. ಮಧುಮೇಹಿಯ ಮೂತ್ರ ಸಿಹಿಯಾಗಿರುತ್ತದೆಂದು 1674ರಲ್ಲಿ ಥಾಮಸ್ ವಿಲ್ಲಿಸ್ ಬರೆದ. ಅದನ್ನು ಇಂಗಿಸಿ ಸಕ್ಕರೆಯಂಥ ವಸ್ತುವನ್ನೇ ತೆಗೆದು ತೋರಿಸಿದವನು ಮ್ಯಾಥ್ಯೂ ಡಾಬ್ಸನ್, 1776ರಲ್ಲಿ. ರೋಗಿಯ ರಕ್ತದಲ್ಲಿಯೂ ಸಿಹಿಯಿದೆಯೆಂದು ಅವನು ಕಂಡುಕೊಂಡ. ಇಪ್ಪತ್ತನೆಯ ಶತಮಾನದ ಆರಂಭದಲ್ಲಿ ಬಂದ ಬೆನೆಡಿಕ್ಟ್ ದ್ರಾವಣವನ್ನು ನನ್ನ ವಿದ್ಯಾರ್ಥಿಗಳು ಮರೆತಿರಲಾರರು. ಪ್ರನಾಳದಲ್ಲಿನ ನೀಲಿ ದ್ರಾವಣಕ್ಕೆ ಗ್ಲೂಕೋಸ್ ಬೆರೆಸಿ ಕಾಯಿಸಿದಾಗ ಅದು ಹಸಿರು, ಹಳದಿ, ಕೊನೆಗೆ ಇಟ್ಟಿಗೆಗೆಂಪು ಬಣ್ಣಕ್ಕೆ ತಿರುಗುವುದನ್ನು ಕಂಡು ನೀವು ಹೋ ಎಂದು ಕೂಗುತ್ತಿದ್ದಿರಿ!

ಲಂಡನ್ನಿನ ಗೈಸ್ ಆಸ್ಪತ್ರೆಯ ರಿಚರ್ಡ್ ಬ್ರೈಟ್ 1827ರಲ್ಲಿ ಪ್ರಕಟಿಸಿದ ಗ್ರಂಥ ಒಂದು ಮೈಲಿಗಲ್ಲು. ಮೈಯೆಲ್ಲ ಊದಿಕೊಂಡ ರೋಗಿಗಳ ಮೂತ್ರವನ್ನು ಚಮಚದಲ್ಲಿ ಹಿಡಿದು ದೀಪದ ಮೇಲೆ ಕಾಯಿಸಿದರೆ ಅದು ಮೊಟ್ಟೆಯ ಬಿಳಿಯಂತೆ ಹೆಪ್ಪುಗಟ್ಟುತ್ತಿತ್ತು. ಬ್ರೈಟ್‌ಗಿಂತ ಮೊದಲೂ ಇದನ್ನು ಕಂಡವರಿದ್ದರು. ಆದರೆ ಅವನು ಚಮಚದಲ್ಲಿ ಕಂಡದ್ದನ್ನು ರೋಗಿಯ ಊತದೊಂದಿಗೂ, ಮರಣಾನಂತರ ಪರೀಕ್ಷಿಸಿದ ಮೂತ್ರಪಿಂಡಗಳೊಂದಿಗೂ ಹೊಂದಿಸಿ ನೋಡಿದ. ಆಗ ಆ ಹೆಪ್ಪಿಗೆ ಅರ್ಥ ಬಂತು.

ಇನ್ನೊಂದು ಘಟನೆ ನಾರ್ವೆ ದೇಶದ್ದು. ಅಲ್ಲಿ ಒಬ್ಬ ತಾಯಿಗೆ ಇಬ್ಬರು ಮಕ್ಕಳು, ಇಬ್ಬರಿಗೂ ಬುದ್ಧಿ ಬೆಳೆದಿರಲಿಲ್ಲ. ಮಕ್ಕಳ ಮೂತ್ರಕ್ಕೆ ವಿಚಿತ್ರ ವಾಸನೆಯಿದೆಯೆಂದು ಆಕೆ ವೈದ್ಯರಿಂದ ವೈದ್ಯರಿಗೆ ಅಲೆದಳು. ಕೊನೆಗೆ 1934ರಲ್ಲಿ ಆಸ್ಬ್ಯೋರ್ನ್ ಫೋಲಿಂಗ್ ಎಂಬ ವೈದ್ಯ ಆಕೆಯ ಮಾತಿಗೆ ಕಿವಿಗೊಟ್ಟ. ಫೆರಿಕ್ ಕ್ಲೋರೈಡ್ ಬೆರೆಸಿದಾಗ ಮೂತ್ರ ಅನಿರೀಕ್ಷಿತವಾಗಿ ಹಸಿರಾಯಿತು. ಅವನು ಒಡನೆ ತೀರ್ಪು ಕೊಡಲಿಲ್ಲ. ಮಕ್ಕಳಿಗೆ ಕೊಡುತ್ತಿದ್ದ ಔಷಧಗಳನ್ನೆಲ್ಲ ನಿಲ್ಲಿಸಿ ಮತ್ತೆ ತರಲು ಹೇಳಿದ. ಮತ್ತೆಯೂ ಹಸಿರು. ಆಗ ಹುಡುಕಾಟಕ್ಕೆ ತೊಡಗಿ, ಫಿನೈಲ್‌ಕೀಟೋನ್ಯೂರಿಯ ಎಂದು ನಾವು ಇಂದು ಕರೆಯುವ ಹುಟ್ಟುರೋಗವನ್ನು ಪತ್ತೆಹಚ್ಚಿದ. 1950ರ ದಶಕದಲ್ಲಿ ಇದಕ್ಕೆ ಪಥ್ಯಾಹಾರ ಬಂತು. ಆ ತಾಯಿಯ ಮಕ್ಕಳಿಗೆ ಅದರ ಪ್ರಯೋಜನ ದೊರೆಯಲಿಲ್ಲ. ಆದರೆ ಹುಟ್ಟಿದೊಡನೆ ರೋಗ ಗುರುತಿಸಲ್ಪಟ್ಟು ಪಥ್ಯ ಪಡೆದ ಎಷ್ಟೋ ಮಕ್ಕಳ ಬುದ್ಧಿ ಉಳಿಯಿತು.

1956ರಲ್ಲಿ ಅಮೆರಿಕದ ಹೆಲೆನ್ ಫ್ರೀ ಮತ್ತು ಆಲ್ಫ್ರೆಡ್ ಫ್ರೀ ದಂಪತಿಗಳು ರೂಪಿಸಿದ, ಅದ್ದಿ ನೋಡುವ ಪಟ್ಟಿ ಮಾರುಕಟ್ಟೆಗೆ ಬಂತು. ಮೊದಲು ಸಕ್ಕರೆಯೊಂದನ್ನೇ ತೋರಿಸುತ್ತಿದ್ದ ಇಂಥ ಪಟ್ಟಿಗಳು ಈಗ ಹತ್ತು ಅಂಶಗಳನ್ನು ಒಂದೆರಡು ನಿಮಿಷದಲ್ಲಿ ತೋರಿಸುತ್ತವೆ. ಆದರೆ ಪ್ಲಸ್ ಗುರುತು ತಾನಾಗಿ ರೋಗದ ಹೆಸರನ್ನು ಹೇಳುವುದಿಲ್ಲ. ಜ್ವರ ಬಂದಾಗ, ಮೈಮುರಿದು ದುಡಿದಾಗ ಪ್ರೋಟೀನು ತಾತ್ಕಾಲಿಕವಾಗಿ ಕಾಣಿಸಿಕೊಳ್ಳಬಹುದು. ಏಕಾದಶಿಯ ಉಪವಾಸ ಮಾಡಿದವರಲ್ಲಿ ಕೀಟೋನು ಕಾಣಬಹುದು. ರಕ್ತದ ಸಕ್ಕರೆ ಸುಮಾರು 180 ಮಿಲಿಗ್ರಾಂ ದಾಟಿದಾಗ ಮೂತ್ರಕ್ಕೆ ಇಳಿಯುವುದು ಸಾಮಾನ್ಯ. ಆದರೆ ಸಕ್ಕರೆಯನ್ನು ಮೂತ್ರದಲ್ಲಿ ಹೊರಹಾಕುವುದೇ ಕೆಲಸವಾಗಿರುವ ಹೊಸ ಮಾತ್ರೆಗಳನ್ನು ನುಂಗುವವರಲ್ಲಿ ಅದು ಇದ್ದೇ ಇರುತ್ತದೆ. ಬೀಟ್‌ರೂಟ್ ತಿಂದ ಮರುದಿನ ಮೂತ್ರ ಕೆಂಪಾದರೆ ಅದು ರಕ್ತವಾಗಿರಬೇಕಿಲ್ಲ. ನಿಜವಾಗಿಯೂ ರಕ್ತವೇ ಆಗಿದ್ದರೆ ಮಾತ್ರ, ನೋವಿಲ್ಲದಿದ್ದರೂ, ಒಂದೇ ಸಲ ಕಂಡರೂ ತಡಮಾಡಬಾರದು.

ಭಯದಂತೆ ಉದಾಸೀನವೂ ಕೆಟ್ಟದ್ದು. ನನ್ನ ಅಣ್ಣನ ಸಂಗತಿ ನಮ್ಮ ಬಂಧುಗಳಿಗೆ ಗೊತ್ತೇ ಇದೆ. ಸಕ್ಕರೆ ಕಾಯಿಲೆಯಿದ್ದ ಅವನ ವರದಿಗಳಲ್ಲಿ ಎರಡು ವರ್ಷ ಸತತವಾಗಿ ಪ್ರೋಟೀನು ಕಂಡಿತ್ತು. "ನೋವಿಲ್ಲವಲ್ಲ, ಬಿಡು" ಎಂದು ಅವನು ಅವನ್ನು ಮೇಜಿನ ಖಾನೆಗೆ ಸೇರಿಸಿದ. ಆ ಕಾಗದಗಳು ನಮ್ಮ ಕೈಗೆ ಸಿಕ್ಕಿದ್ದು ಅವನು ಡಯಾಲಿಸಿಸ್‌ಗೆ ಹೋಗತೊಡಗಿದ ಮೇಲೆ. ಎರಡು ಸಲ ಕಂಡದ್ದನ್ನು ಆಕಸ್ಮಿಕವೆನ್ನಲು ಬರುವುದಿಲ್ಲ.

ನನ್ನ ವಿದ್ಯಾರ್ಥಿಗೂ ಇದನ್ನೇ ಹೇಳಿದೆ. ವಿಚಾರಿಸಿದಾಗ, ಪರೀಕ್ಷೆ ಮಾಡಿಸಿದ ದಿನ ಅವನಿಗೆ ಜ್ವರವಿದ್ದುದು ತಿಳಿಯಿತು. ಅದರಿಂದಲೇ ಬಂದಿತೋ ಇಲ್ಲವೋ ಎಂದು ದೂರವಾಣಿಯಲ್ಲಿ ಹೇಳಿದರೆ ನಾನೂ ಒಬ್ಬ ಮೂತ್ರ ಪ್ರವಾದಿಯಾದಂತೆ. ವರದಿಯ ಜೊತೆಗೆ ಜ್ವರದ ವಿವರವನ್ನೂ ನುಂಗುವ ಮಾತ್ರೆಗಳ ಪಟ್ಟಿಯನ್ನೂ ವೈದ್ಯರ ಬಳಿಗೆ ಒಯ್ಯಲು, ಅವರು ಹೇಳಿದಾಗ ಮರುಪರೀಕ್ಷೆ ಮಾಡಿಸಲು ತಿಳಿಸಿದ್ದೇನೆ. ಸೋಮವಾರ ಹೋಗುತ್ತೇನೆಂದಿದ್ದಾನೆ. ಹೋಗದಿದ್ದರೆ ಹಳೆಯ ಬೆತ್ತ ಇನ್ನೂ ಮನೆಯಲ್ಲಿದೆಯೆಂದು ಎಚ್ಚರಿಸಿದ್ದೇನೆ.