ಅಪೆಂಡಿಸೈಟಿಸ್
‘ಅವನಿಗೆ ಅಪೆಂಡಿಕ್ಸ್ ಆಗಿದೆಯಂತೆ’ ಎನ್ನುತ್ತೇವೆ. ಅದು ಆಗುವಂಥದ್ದಲ್ಲ, ಹುಟ್ಟಿನಿಂದಲೇ ಇರುವಂಥದ್ದು: ದೊಡ್ಡ ಕರುಳಿನ ಮೊದಲ ಭಾಗಕ್ಕೆ ಜೋತುಬಿದ್ದ, ಕಿರುಬೆರಳಿನಂಥ ನಳಿಕೆ. ಲ್ಯಾಟಿನ್ನಿನ ‘ಅಪೆಂಡೆರೆ’ ಎಂದರೆ ತೂಗುಹಾಕು. ಪುಸ್ತಕದ ಅನುಬಂಧಕ್ಕೂ ಇಂಗ್ಲಿಷಿನಲ್ಲಿ ಇದೇ ಹೆಸರು. ಆ ಹೆಸರಿಗೆ ಉರಿಯೂತ ಸೂಚಿಸುವ ಗ್ರೀಕ್ ಮೂಲದ ‘ಐಟಿಸ್’ ಅಂಟಿಸಿ 1886ರಲ್ಲಿ ಕಾಯಿಲೆಗೆ ನಾಮಕರಣ ಮಾಡಿದವರು ಬಾಸ್ಟನ್ನಿನ ವೈದ್ಯ ರೆಜಿನಾಲ್ಡ್ ಫಿಟ್ಜ್. ಅದುವರೆಗೆ ಬಹುಪಾಲು ವೈದ್ಯರು ಪಕ್ಕದ ಕರುಳನ್ನೇ ದೂರುತ್ತಿದ್ದರು, ಪಾಪ! ಬೇಗ ಆಪರೇಷನ್ ಮಾಡಿ ಎಂದದ್ದೂ ಫಿಟ್ಜ್ ಅವರೇ. 1902ರಲ್ಲಿ ಬ್ರಿಟನ್ನಿನ ಏಳನೇ ಎಡ್ವರ್ಡ್ ದೊರೆಯ ಪಟ್ಟಾಭಿಷೇಕ ಈ ಬೇನೆಯಿಂದಾಗಿ ಮುಂದೆ ಹೋಯಿತು. ನಳಿಕೆಯನ್ನು ಕತ್ತರಿಸಿ ತೆಗೆಯುವುದು ‘ಅಪೆಂಡಿಸೆಕ್ಟಮಿ’. ನಮ್ಮ ಬಾಯಲ್ಲಿ ‘ಅಪೆಂಡಿಕ್ಸ್ ಆಪರೇಷನ್’. ಹೊಕ್ಕುಳ ಸುತ್ತ ಶುರುವಾದ ನೋವು ಬಲಗಡೆ ಕಿಬ್ಬೊಟ್ಟೆಗೆ ಇಳಿದರೆ ಗ್ಯಾಸ್ಟ್ರಿಕ್ ಎಂದು ಸೋಡಾ ಕುಡಿದು ಕೂರಬೇಡಿ. ನಳಿಕೆ ಒಡೆದರೆ ಕೀವು ಹೊಟ್ಟೆಯೊಳಗೇ ಹರಡುತ್ತದೆ.